ಮನೆ ಕಂದಾಯ ಒಂದೇ ಸಲಕ್ಕೆ ನಾಲ್ಕು ಪಟ್ಟಿಗಿಂತ ಜಾಸ್ತಿ ಏರಿದೆ, ಯಾರಿಗಾದ್ರೂ ಹೀಗಾಗಿದ್ಯಾ?

ಹೆಂಚಿನಮನೆ
ಎಲ್ರಿಗೂ ನಮಸ್ಕಾರ. ಕೊಡಗಿನ ನಾಪೋಕ್ಲು ಕಡೆಯವಳು ನಾನು, ಪಂಚಾಯ್ತಿ ಹೆಸರು ಬೇಡ. ಅಪ್ಪ ತೀರ್ಕೊಂಡು ಆರು ವರ್ಷ ಆಯ್ತು, ಮನೇಲಿ ಅಮ್ಮ ಮತ್ತೆ ನಾನು ಇಬ್ರೇ. 1987ರಲ್ಲಿ ಅಪ್ಪ ಕಟ್ಟಿಸಿದ ಹೆಂಚಿನ ಮನೆ, ಅದಾದ್ಮೇಲೆ ಒಂದು ಗೋಡೆನೂ ಎಬ್ಬಿಸಿಲ್ಲ, ವರ್ಷಕ್ಕೊಂದ್ಸಲ ಮಳೆಗೆ ಮುಂಚೆ ಹೆಂಚು ಕೈಯಾಡಿಸೋದು ಅಷ್ಟೇ. ಹೋದ ವರ್ಷದ ತನಕ ಕರಗಳೆಲ್ಲಾ ಸೇರಿ 780 ರೂಪಾಯಿ ಕಟ್ತಾ ಇದ್ವಿ. ಮೊನ್ನೆ ಬಿಲ್ ಕಲೆಕ್ಟರ್ ಬಂದು ನೋಟಿಸ್ ಕೊಟ್ಟು ಹೋದ್ರು, ನೋಡಿದ್ರೆ 3,537 ರೂಪಾಯಿ 60 ಪೈಸೆ.

ಅದರಲ್ಲಿ ಇರೋದು ಹೀಗೆ: ಕಟ್ಟಡ ತೆರಿಗೆ 2,640, ಆರೋಗ್ಯ ಕರ 396, ಶಿಕ್ಷಣ ಕರ 264, ಗ್ರಂಥಾಲಯ ಕರ 158.40, ಭಿಕ್ಷುಕರ ಕರ 79.20. ಮೇಲ್ಗಡೆ ಅಪ್ಪನ ಹೆಸರೇ ಇದೆ. ವಿಸ್ತೀರ್ಣ ಅಂತ 330 ಚ.ಮೀ ಬರ್ದಿದಾರೆ. ಅಮ್ಮ "ಸರ್ಕಾರದ ದುಡ್ಡು, ಕಟ್ಟಿ ಸುಮ್ನಾಗು" ಅಂತಾರೆ. ನನಗೆ ಕಟ್ಟೋಕೆ ಬೇಜಾರಿಲ್ಲ, ಯಾಕೆ ಇಷ್ಟು ಅಂತ ಗೊತ್ತಾಗ್ಬೇಕು ಅಷ್ಟೆ. ಯಾರನ್ನ ಕೇಳ್ಬೇಕು, ಹೇಗೆ ಕೇಳ್ಬೇಕು?

ಗೋಣಿಕೊಪ್ಪ ಗಾಡಿ
ನಮಗೂ ಬಂದಿದೆ. 1,100 ಇದ್ದದ್ದು 2,900.

ಶುಂಠಿ ಹೊಲ
ಎಲ್ಲಾ ಕಡೆನೂ ಏರ್ಸಿದಾರೆ ಅಕ್ಕ. ಏನೂ ಮಾಡೋಕಾಗಲ್ಲ, ಕಟ್ಟಿಬಿಡಿ. ಇಲ್ಲಾಂದ್ರೆ ನಾಳೆ ಯಾವ್ದಾದ್ರೂ ಸರ್ಟಿಫಿಕೇಟ್ ಬೇಕು ಅಂತ ಹೋದಾಗ ಬಾಕಿ ಕಟ್ಟಿ ಬನ್ನಿ ಅಂತಾರೆ.

ಲೆಕ್ಕದ ಮೇಷ್ಟ್ರು
ಶುಂಠಿ ಹೊಲದವರೇ, ಏನೂ ಮಾಡೋಕಾಗಲ್ಲ ಅಂತ ಹೇಳ್ಬೇಡಿ, ಹಾಗೆ ಹೇಳಿ ಹೇಳಿನೇ ಜನ ಕೇಳೋದು ಬಿಟ್ಟಿರೋದು.

ಮಗೂ, ನೋಟಿಸ್‌ನಲ್ಲಿ ಕರದ ಲೆಕ್ಕ ಸರಿಯಾಗಿದೆ. ಮೂಲ ತೆರಿಗೆ ಮೇಲೆ ಆರೋಗ್ಯ ಶೇ 15, ಶಿಕ್ಷಣ ಶೇ 10, ಗ್ರಂಥಾಲಯ ಶೇ 6, ಭಿಕ್ಷುಕರ ಕರ ಶೇ 3, ಒಟ್ಟು ಶೇ 34. 2,640ಕ್ಕೆ 897.60 ಬರ್ತದೆ, ಸರಿ ಇದೆ. ಅಂದ್ರೆ ತಪ್ಪಿದ್ರೆ ಮೂಲ ತೆರಿಗೆಲೇ ಇರ್ಬೇಕು. 330 ಚದರ ಮೀಟರ್ ಅಂದ್ರೆ ಸುಮಾರು 3,550 ಚದರ ಅಡಿ. 1987ರ ಹೆಂಚಿನ ಮನೆ ಅಷ್ಟು ದೊಡ್ಡದಾ? ಮೊದ್ಲು ಮನೆ ಅಳೀರಿ, ಆಮೇಲೆ ಮಾತಾಡೋಣ.

ಹೆಂಚಿನಮನೆ
ಸರ್ ಇಲ್ಲ ಇಲ್ಲ ಅಷ್ಟು ದೊಡ್ಡದಲ್ಲ. ಈಗ್ಲೇ ಅಮ್ಮನ ಹೊಲಿಗೆ ಟೇಪಲ್ಲಿ ಅಳೆದೆ, ಅಮ್ಮ ಒಂದು ತುದಿ ಹಿಡ್ಕೊಂಡ್ರು. ಜಗಲಿ, ಅಡುಗೆ ಮನೆ ಹಿಂದಿನ ಸೌದೆ ಕೊಟ್ಟಿಗೆ ಎಲ್ಲಾ ಸೇರಿಸಿದ್ರೂ 1,150 ಚದರ ಅಡಿ ದಾಟಲ್ಲ.

ಲೆಕ್ಕದ ಮೇಷ್ಟ್ರು
1,150 ಅಂದ್ರೆ 107 ಚದರ ಮೀಟರ್. ಹಾಗಾದ್ರೆ 2,400 ಚದರ ಅಡಿ ಎಲ್ಲಿಂದ ಬಂತು? ಮನೆ ಹತ್ರ 2,400 ಅಡಿದು ಬೇರೆ ಏನಿದೆ?

ಹೆಂಚಿನಮನೆ
ಅಯ್ಯೋ. 40 ಅಡಿ 60 ಅಡಿ. ಅದು ನಮ್ಮ ಕಾಫಿ ಒಣಗ್ಸೋ ಕಣ ಸರ್!!

ಈಗ ನೆನಪಾಯ್ತು. ಫೆಬ್ರವರಿಲಿ ಇಬ್ರು ಹುಡುಗ್ರು ಟೇಪ್ ಹಿಡ್ಕೊಂಡು ಬಂದಿದ್ರು, ಕಣದ ತುಂಬಾ ರೋಬಸ್ಟಾ ಹರಡಿತ್ತು, ಅಮ್ಮ ಗೋರುಮಣೆ ಹಿಡ್ಕೊಂಡೇ "ಕಾಫಿ ತುಳೀಬೇಡಿ ಮಕ್ಳೇ, ಅಂಚಲ್ಲಿ ಹೋಗಿ" ಅಂದಿದ್ರು, ಅವ್ರು ಪಾಪ ಅಂಚಲ್ಲೇ ಸುತ್ತಿ ಅಳೆದು ಬರ್ಕೊಂಡು ಹೋದ್ರು. ಯಾಕೆ ಅಳೀತಿದಾರೆ ಅಂತ ನಾವು ಕೇಳ್ಲೇ ಇಲ್ಲ.

ಗೋಣಿಕೊಪ್ಪ ಗಾಡಿ
ಕಣಕ್ಕೆ ತೆರಿಗೆ!! ನಾಳೆ ನಮ್ದೂ ಅಳೆದು ನೋಡ್ತೀನಿ.

ವಿರಾಜಪೇಟೆ ವಕೀಲ
ಇಲ್ಲಿ ಒಂದು ವಿಷಯ ಸರಿಯಾಗಿ ತಿಳ್ಕೊಳ್ಳಿ. ಪಂಚಾಯ್ತಿಗೆ ತೆರಿಗೆ ಹಾಕೋ ಅಧಿಕಾರ ಬರೋದು 1993ರ ಪಂಚಾಯತ್ ರಾಜ್ ಕಾಯ್ದೆಯ 199ನೇ ಪ್ರಕರಣದಿಂದ. ಅದರಲ್ಲಿ ಏನಿದೆ ಅಂದ್ರೆ ಕಟ್ಟಡಗಳ ಮೇಲೆ, ಮತ್ತೆ ಕೃಷಿ ಕಂದಾಯಕ್ಕೆ ಒಳಪಡದ ಜಮೀನಿನ ಮೇಲೆ ತೆರಿಗೆ ಹಾಕ್ಬಹುದು ಅಂತ. ನಿಮ್ಮ ಕಣ ಕಟ್ಟಡ ಅಲ್ಲ, ಗೋಡೆ ಇಲ್ಲ ಮಾಡು ಇಲ್ಲ. ಆ ಸರ್ವೆ ನಂಬರಿಗೆ ನೀವು ಕಂದಾಯ ಕಟ್ತಾ ಇದ್ದು ಆರ್‌ಟಿಸಿಲಿ (ಪಹಣಿಲಿ) ಕಾಫಿ ಅಂತ ಇದ್ರೆ ಅದು ಕೃಷಿ ಜಮೀನಿನ ಭಾಗ. ಭೂಕಂದಾಯ ಕಾಯ್ದೆ 95ನೇ ಕಲಂನಲ್ಲೂ ಬೆಳೆಗಾರ ತನ್ನ ಜಮೀನಲ್ಲಿ ಕೃಷಿಗೆ ಬೇಕಾದ ಕಟ್ಟಡ, ಬಾವಿ, ಕೆರೆ, ಸುಧಾರಣೆ ಮಾಡ್ಕೊಳ್ಬಹುದು ಅಂತ ಸ್ಪಷ್ಟವಾಗಿದೆ. ಮನೆಗೆ ತೆರಿಗೆ ಕಟ್ಟಲೇಬೇಕು, ಕಣಕ್ಕೆ ಅಲ್ಲ.

ಬಾಯಲ್ಲಿ ಹೇಳಿ ಬರ್ಬೇಡಿ. ತಕರಾರು ಅರ್ಜಿ ಬರೆದು ಎರಡು ಪ್ರತಿ ತಗೊಂಡು ಹೋಗಿ, ಒಂದಕ್ಕೆ ಸೀಲು, ಇನ್‌ವರ್ಡ್ ನಂಬರ್ ಹಾಕಿಸ್ಕೊಳ್ಳಿ. ಆಗಲ್ಲ ಅಂದ್ರೆ ಹಿಂಬರಹ, ಅಂದ್ರೆ ಲಿಖಿತ ಉತ್ತರ ಕೊಡಿ ಅಂತ ಕೇಳಿ. ಹಿಂಬರಹ ಕೈಗೆ ಸಿಕ್ಕಿದ್ರೆ ತಾಲೂಕು ಪಂಚಾಯ್ತಿ ಇಒ (ಕಾರ್ಯನಿರ್ವಾಹಕ ಅಧಿಕಾರಿ) ಹತ್ರ ಅಪೀಲು ಹೋಗ್ಬಹುದು, ಅದಕ್ಕೆ 30 ದಿನದ ಒಳಗೆ ಹೋಗ್ಬೇಕು.

ಕೊರವುಕಾರ
ವಕೀಲ್ರೇ ನೀವು ಹೇಳಿದ್ದು ಕಂದಾಯ ಇರೋ ಜಮೀನಿಗೆ ಸರಿ. ಬಾಣೆ ಆದ್ರೆ? ನಮ್ಮ ಕೊಡಗಲ್ಲಿ ಎಷ್ಟೋ ಮನೆ ಇರೋದು ಜಮ್ಮಾ ಬಾಣೆಲಿ. ಗದ್ದೆ ಜೊತೆಗೆ ಸೊಪ್ಪು, ಸೌದೆ, ಮೇವಿಗೆ ಅಂತ ಕಂದಾಯ ಇಲ್ದೆ ಬಿಟ್ಟ ಜಾಗ ಅದು. "ಇದು ಕೃಷಿ ಕಂದಾಯಕ್ಕೆ ಒಳಪಟ್ಟಿಲ್ಲ, ಆದ್ರಿಂದ ತೆರಿಗೆ ಹಾಕ್ತೀವಿ" ಅಂತ ಪಂಚಾಯ್ತಿಯವ್ರು ಹೇಳಿದ್ರೆ ಏನು ಉತ್ತರ?

ವಿರಾಜಪೇಟೆ ವಕೀಲ
ಒಳ್ಳೇ ಪ್ರಶ್ನೆ. ಒಳಪಟ್ಟಿಲ್ಲ ಅನ್ನೋದಕ್ಕೂ, ಜಮ್ಮಾ ಅಂತ ಕಂದಾಯ ಬಿಟ್ಟಿದಾರೆ ಅನ್ನೋದಕ್ಕೂ ವ್ಯತ್ಯಾಸ ಇದೆ. ಬಾಣೆ ಭೂಕಂದಾಯ ವ್ಯವಸ್ಥೆ ಒಳಗೇ ಇರೋ ಜಮೀನು, ಗದ್ದೆಗೆ ಅಂಟ್ಕೊಂಡಿರೋದು, ಊರ ಸೈಟಿನ ತರ ಅಲ್ಲ. 2011ರ ಭೂಕಂದಾಯ ತಿದ್ದುಪಡಿ ಬಂದು ಬಾಣೆ ಹಿಡುವಳಿದಾರರಿಗೆ ಮಾಲೀಕತ್ವ ಸಿಕ್ಕಿದ ಮೇಲೆ ಆ ವಾದ ಇನ್ನೂ ಗಟ್ಟಿ ಆಗಿದೆ. ನಾನಂತೂ ಹಾಗೇ ವಾದ ಮಾಡ್ತೀನಿ.

ಕೊರವುಕಾರ
ವಾದ ಮಾಡೋಕೆ ಸರಿ ಸರ್, ಆದ್ರೆ ಕೌಂಟರ್‌ನಲ್ಲಿ ಕೂತವ್ರಿಗೆ ಜಮ್ಮಾ, ಬಾಣೆ, ಸಾಗು, ಉಂಬಳಿ ಇದೆಲ್ಲ ಬೇರೆ ಜಿಲ್ಲೆಯಿಂದ ಬಂದಿದ್ರೆ ಗೊತ್ತೇ ಇರಲ್ಲ. ನಾವು ಆರ್‌ಟಿಸಿ ಹಿಡ್ಕೊಂಡು ಪಾಠ ಹೇಳ್ಬೇಕು. ಬೇಜಾರಿಂದ ಹೇಳ್ತಿಲ್ಲ, ಹೇಳಿದ್ರೆ ಕೆಲವ್ರು ಕೇಳ್ತಾರೆ ಕೂಡ.

ನಮ್ಮ ಐನ್‌ಮನೆ (ಮನೆತನದ ಮೂಲ ಮನೆ) ಕತೆ ಕೇಳಿ. ತೆರಿಗೆ ಚೀಟಿ ಇವತ್ತಿಗೂ ಮುತ್ತಜ್ಜನ ಹೆಸರಲ್ಲಿ ಬರ್ತದೆ, ಅವ್ರು ಪಟ್ಟೇದಾರ, ಅಂದ್ರೆ ಮನೆತನದ ಯಜಮಾನ. ಒಕ್ಕದಲ್ಲಿ (ಮನೆತನದಲ್ಲಿ) ಈಗ ನಲವತ್ತಕ್ಕೂ ಮೇಲೆ ಕುಟುಂಬ. ಕೈಲ್‌ಪೋಳ್ದ್‌ಗೆ, ಪುತ್ತರಿಗೆ ಸೇರ್ತೀವಿ, ಆಮೇಲೆ ಬೀಗ. ತೆರಿಗೆ ಯಾರು ಕಟ್ಬೇಕು ಅನ್ನೋದೇ ಪ್ರತಿ ವರ್ಷ ಪುತ್ತರಿ ರಾತ್ರಿ ಮಾತು. ಈ ಸಲ ಅಳತೆಗೆ ಬಂದವ್ರು ಅಂಗಳದ ಕೈಮಡನೂ ಸೇರಿಸಿ ಬರ್ಕೊಂಡಿದಾರೆ. ತೀರಿಹೋದ ಹಿರಿಯರಿಗೆ ಮೀದಿ (ಎಡೆ) ಇಡೋ ಜಾಗ ಅದು. ಪೂಜಾ ಸ್ಥಳಕ್ಕೆ ವಿನಾಯ್ತಿ ಇದೆ ಅಲ್ವಾ?

ಭಾಗಮಂಡಲ ಮಳೆ
ಖಂಡಿತ ಇದೆ. ದೇವಸ್ಥಾನ, ಮಸೀದಿ, ಚರ್ಚ್ ಯಾವುದಕ್ಕೂ ತೆರಿಗೆ ಇಲ್ಲ.

ವಿರಾಜಪೇಟೆ ವಕೀಲ
ಮಳೆಯವ್ರೇ, ಅರ್ಧ ಸರಿ. ಟೌನ್‌ಗಳಿಗೆ ಅನ್ವಯ ಆಗೋ 1964ರ ಪುರಸಭೆಗಳ ಕಾಯ್ದೆ 94ನೇ ಪ್ರಕರಣ ನೋಡಿ, ಸಾರ್ವಜನಿಕ ಪೂಜೆಗೆ ಮೀಸಲಿಟ್ಟು ನಿಜವಾಗ್ಲೂ ಅದಕ್ಕೇ ಬಳಸೋ ಜಾಗ ಅಂತ ಇದೆ. ಬಾಡಿಗೆ ತಗೊಳ್ಳದ ಛತ್ರ, ಅನಾಥಾಶ್ರಮ, ಸ್ಮಶಾನ, ಮಾನ್ಯತೆ ಇರೋ ಶಾಲೆ, ಸಂರಕ್ಷಿತ ಸ್ಮಾರಕ ಇವೂ ಆ ಪಟ್ಟಿಲಿ ಬರ್ತವೆ. ಕೈಮಡ ಕುಟುಂಬದ್ದು, ಸಾರ್ವಜನಿಕ ಅಂತ ಸಾಧಿಸೋದು ಕಷ್ಟ.

ಕೊರವುಕಾರ
ಕಷ್ಟ ಅಂತ ಒಪ್ಪಲ್ಲ ನಾನು. ಊರಿನವ್ರು ಯಾರು ಬಂದ್ರೂ ಅಲ್ಲಿ ಕೈ ಮುಗೀತಾರೆ, ಬೀಗ ಇಲ್ಲ, ಬಾಗಿಲೂ ಇಲ್ಲ. 6 ಅಡಿಗೆ 6 ಅಡಿ ಕಲ್ಲಿನ ಗುಡಿ. ಅದರಿಂದ ಬರೋ ತೆರಿಗೆ ಇಪ್ಪತ್ತೋ ಮೂವತ್ತೋ ರೂಪಾಯಿ ಇರ್ಬಹುದು, ದುಡ್ಡಿನ ಪ್ರಶ್ನೆ ಅಲ್ಲ ಇದು. ಹಿರಿಯರ ಜಾಗನ ವಾಸದ ಕಟ್ಟಡ ಅಂತ ಬರೆಯೋದು ಹೇಗೆ ಸರಿ?

ಮಾಜಿ ಸದಸ್ಯ
ನಾನು ಎರಡು ಅವಧಿ ಪಂಚಾಯ್ತಿಲಿ ಕೂತವನು, ನನ್ನ ಮಾತೂ ಸ್ವಲ್ಪ ಕೇಳಿ. ಕೈಮಡ, ಕಣ ಇದೆಲ್ಲ ತಪ್ಪೇ, ಅಳತೆ ಮಾಡೋರಿಗೆ ಸರಿಯಾಗಿ ಹೇಳಿಕೊಟ್ಟಿರಲ್ಲ. ಆದ್ರೆ ಹೆಂಚಿನಮನೆ ಅಕ್ಕ, 780 ರೂಪಾಯಿ ಅನ್ನೋದೂ ತುಂಬಾ ಕಮ್ಮಿ ಆಗಿತ್ತು. ವರ್ಷಗಟ್ಟಲೆ ಪರಿಷ್ಕರಣೆನೇ ಮಾಡಿರಲ್ಲ, ಓಟು ಹೋಗ್ತದೆ ಅಂತ ಯಾರೂ ಕೈ ಹಾಕಲ್ಲ, ನಾನೂ ಹಾಕಿಲ್ಲ. ಮನೆ ತೆರಿಗೆ ಪಂಚಾಯ್ತಿಯ ಸ್ವಂತ ದುಡ್ಡು. ಬೀದಿ ದೀಪ ಸುಟ್ಟೋದ್ರೆ, ಪೈಪ್ ಒಡೆದ್ರೆ, ವೀಕೆಂಡಲ್ಲಿ ಟೂರಿಸ್ಟ್‌ಗಳು ರಸ್ತೆ ಪಕ್ಕ ಬಿಸಾಕಿ ಹೋದ ಪ್ಲಾಸ್ಟಿಕ್ ಎತ್ಬೇಕಾದ್ರೆ ಅದೇ ದುಡ್ಡು. ಮೇಲಿಂದ ಬರೋ ಅನುದಾನಕ್ಕೆ ಯಾವುದಕ್ಕೆ ಖರ್ಚು ಮಾಡ್ಬೇಕು ಅಂತ ಮೊದಲೇ ಬರ್ದಿರ್ತದೆ.

ಶುಂಠಿ ಹೊಲ
ಅಣ್ಣ ನೀವು ಹೇಳೋದು ಸರಿ, ಆದ್ರೆ ನಮ್ಮ ರಸ್ತೆಲಿ ಮೂರು ಮಳೆಗಾಲದಿಂದ ದೀಪ ಇಲ್ಲ, ಸಂಜೆ ಆದ್ರೆ ಆನೆ ಭಯ, ಮಕ್ಳು ಟ್ಯೂಷನ್‌ನಿಂದ ಟಾರ್ಚ್ ಹಿಡ್ಕೊಂಡು ಬರ್ತಾರೆ. ತೆರಿಗೆ ಏರ್ಸೋ ಮುಂಚೆ ಅದನ್ನ ಹಾಕ್ಲಿ.

ಮಾಜಿ ಸದಸ್ಯ
ಅದನ್ನ ಗ್ರಾಮಸಭೆಲಿ ಎದ್ದು ನಿಂತು ಹೇಳಿ ತಮ್ಮ. ವರ್ಷಕ್ಕೆ ಎರಡಾದ್ರೂ ಗ್ರಾಮಸಭೆ ಮಾಡ್ಲೇಬೇಕು. ನಮ್ಮ ಕಾಲದಲ್ಲಿ ಬರ್ತಿದ್ದದ್ದು ಮನೆ ಬೇಕು ಅನ್ನೋರು ಮಾತ್ರ, ತೆರಿಗೆ ಕಟ್ಟೋರು ಒಬ್ರೂ ಬರ್ತಿರ್ಲಿಲ್ಲ. ಜಮಾಬಂದಿ (ಜನರ ಮುಂದೆ ಪಂಚಾಯ್ತಿ ಲೆಕ್ಕ ಪರಿಶೀಲನೆ) ದಿನ ಲೆಕ್ಕದ ಪುಸ್ತಕ ತೆಗೆದು ಇಡ್ತಿದ್ವಿ, ನೋಡೋರಿಲ್ಲ.

ಪೊನ್ನಂಪೇಟೆ ಓದುಗ
ವಿಷಯ ಬಿಟ್ಟು ಹೇಳ್ತಿದೀನಿ, ಗ್ರಂಥಾಲಯ ಕರ ಶೇ 6 ಅಂದ್ರಲ್ಲ, ನಿಮ್ಮೂರ ಅರಿವು ಕೇಂದ್ರ ತೆರೆದಿರ್ತದಾ? ನಮ್ಮಲ್ಲಿ ಮೇಲ್ವಿಚಾರಕಿ ಅಷ್ಟು ಚೆನ್ನಾಗಿ ನಡೆಸ್ತಾರೆ, ಮಕ್ಳಿಗೆ ಶನಿವಾರ ಕತೆ ಓದಿಸ್ತಾರೆ. 158 ರೂಪಾಯಿ ಅಲ್ಲಿಗೆ ಹೋಗೋದಾದ್ರೆ ನಾನು ಖುಷಿಯಾಗಿ ಕಟ್ತೀನಿ.

ಗೋಣಿಕೊಪ್ಪ ಗಾಡಿ
ನಮ್ಮಲ್ಲಿ ಪೇಪರ್ ಓದೋಕೆ ಮಾತ್ರ. ಅದೂ ಮಳೆಗಾಲದಲ್ಲಿ ಮುಗ್ಗಲು ವಾಸನೆ.

ಸುಬೇದಾರ್ ಮನೆ
ಇಲ್ಲಿ ಎಷ್ಟೋ ಜನ ಮಾಜಿ ಸೈನಿಕರ ಮನೆಯವ್ರು ಇರ್ತೀರ, ಅದಕ್ಕೇ ಬರೀತಿದೀನಿ. ನಮ್ದು ಮಡಿಕೇರಿ ಟೌನು, ಯಜಮಾನ್ರು ಸುಬೇದಾರ್ ಆಗಿ ರಿಟೈರ್ ಆದವ್ರು, ಈಗ ಇಲ್ಲ. ಹನ್ನೊಂದು ವರ್ಷ ಪೂರ್ತಿ ತೆರಿಗೆ ಕಟ್ಟಿದೀವಿ. ಆಮೇಲೆ ಮಿಲಿಟರಿ ಕ್ಯಾಂಟೀನ್ ಕ್ಯೂನಲ್ಲಿ ನಿಂತಿದ್ದಾಗ ಒಬ್ರು ಅಕ್ಕ ಹೇಳಿದ್ರು, ಮಾಜಿ ಸೈನಿಕರು, ಅವ್ರು ತೀರ್ಕೊಂಡಿದ್ರೆ ಕುಟುಂಬದವ್ರು, ಸ್ವಂತ ವಾಸಕ್ಕೆ ಇರೋ ಮನೆಗೆ ಅರ್ಧ ತೆರಿಗೆ ಅಂತ. ನನಗೆ ನಂಬಿಕೆನೇ ಬರ್ಲಿಲ್ಲ.

ಸೈನಿಕ ಕಲ್ಯಾಣ ಇಲಾಖೆ ಆಫೀಸ್ ಮಡಿಕೇರಿಲೇ ಇದೆ ಅಲ್ವಾ, ಅಲ್ಲಿ ಹೋದೆ. ಪಿಪಿಒ (ಪಿಂಚಣಿ ಆದೇಶ), ಡಿಸ್ಚಾರ್ಜ್ ಬುಕ್, ನನ್ನ ಗುರುತಿನ ಚೀಟಿ, ಹಿಂದಿನ ವರ್ಷದ ರಸೀದಿ ಎಲ್ಲಾ ಸೇರಿಸಿ ಅರ್ಜಿ ಕೊಟ್ಟೆ. ಆ ವರ್ಷದಿಂದ ಶೇ 50 ಕಮ್ಮಿ ಆಯ್ತು. ಹಳೇ ಹನ್ನೊಂದು ವರ್ಷದ್ದು ವಾಪಸ್ ಬರ್ಲಿಲ್ಲ, ಕೇಳಿದೋರಿಗೆ ಮಾತ್ರ ಕೊಡೋದು, ನಾವು ಕೇಳಿರ್ಲಿಲ್ಲ. ಮೇಲಿನ ಮಹಡಿ ಬಾಡಿಗೆಗೆ ಕೊಟ್ಟಿದೀವಿ, ಅದಕ್ಕೆ ರಿಯಾಯ್ತಿ ಇಲ್ಲ, ಅದು ನ್ಯಾಯ.

ಭಾಗಮಂಡಲ ಮಳೆ
ಅಕ್ಕ ಇದು ನಿಜ್ವಾಗ್ಲೂ ನನಗೆ ಗೊತ್ತಿರ್ಲಿಲ್ಲ. ನಮ್ಮ ಊರಲ್ಲಿ ಮನೆಗೊಬ್ರು ಮಿಲಿಟರಿಲಿ ಇದ್ದವ್ರು, ಒಬ್ರಾದ್ರೂ ಕೇಳಿದ್ದು ನೋಡಿಲ್ಲ.

ಬೆಂಗ್ಳೂರಲ್ಲಿರೋ ಕೊಡಗಿನವ
ಜನರಲ್ ತಿಮ್ಮಯ್ಯ, ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಹುಟ್ಟಿದ ಜಿಲ್ಲೆ ಅಂತ ಬೋರ್ಡ್ ಹಾಕ್ಕೊಳ್ತೀವಿ, ಸೈನಿಕರ ಮನೆಯವ್ರಿಗೆ ಬರ್ಬೇಕಾದ ರಿಯಾಯ್ತಿ ಕ್ಯಾಂಟೀನ್ ಕ್ಯೂನಲ್ಲಿ ಗೊತ್ತಾಗ್ಬೇಕಾ? ತೆರಿಗೆ ನೋಟಿಸ್ ಹಿಂದೆನೇ ಯಾರ್ಯಾರಿಗೆ ವಿನಾಯ್ತಿ ಅಂತ ನಾಲ್ಕು ಸಾಲು ಅಚ್ಚು ಹಾಕ್ಸಿದ್ರೆ ಸಾಕು.

ಏಲಕ್ಕಿ ಅಕ್ಕ
ಹಿರಿಯ ನಾಗರಿಕರಿಗೆ ರಿಯಾಯ್ತಿ ಇಲ್ವಾ? ಅತ್ತೆಗೆ 82.

ವಿರಾಜಪೇಟೆ ವಕೀಲ
ಆಸ್ತಿ ತೆರಿಗೆಲಿ ವಯಸ್ಸಿನ ಮೇಲೆ ಇಲ್ಲ ಅಕ್ಕ. ಆದಾಯ ತೆರಿಗೆದು ಇದಕ್ಕೆ ಸೇರಿಸಿ ಜನ ಗೊಂದಲ ಮಾಡ್ಕೊಳ್ತಾರೆ. ಟೌನ್‌ನಲ್ಲಿ ಇದ್ರೆ ಎಲ್ರಿಗೂ ಸಿಗೋದು ಏಪ್ರಿಲ್ ರಿಯಾಯ್ತಿ. ಏಪ್ರಿಲ್ ಒಳಗೆ ಪೂರ್ತಿ ಕಟ್ಟಿದ್ರೆ ಶೇ 5 ಕಮ್ಮಿ, ಮೇ ಜೂನ್ ಇದ್ದಷ್ಟು, ಜುಲೈಯಿಂದ ತಿಂಗಳಿಗೆ ಶೇ 2 ದಂಡ.

ಏಲಕ್ಕಿ ಅಕ್ಕ
ಸರಿ. ಇನ್ನೊಂದು ಕೇಳ್ತೀನಿ, ನಮ್ದು ಹೋಂಸ್ಟೇ, ಟೂರಿಸಂ ಇಲಾಖೆ ರಿಜಿಸ್ಟ್ರೇಷನ್ ಇದೆ, ಮೂರು ರೂಮು. ನಾವು ಅದೇ ಮನೇಲೇ ಇರೋದು. ಪಂಚಾಯ್ತಿಯವ್ರು ಇಡೀ ಮನೆಗೆ ವಾಣಿಜ್ಯ ದರ ಹಾಕಿದ್ರು. ನಾನು ಮನೆ ನಕ್ಷೆ ಬರೆದು ಈ ಮೂರು ರೂಮು ಅತಿಥಿಗಳಿಗೆ, ಉಳಿದ ಅಡುಗೆಮನೆ, ಹಾಲು, ಎರಡು ಕೋಣೆ ನಮಗೆ ಅಂತ ಕೊಟ್ಟೆ. ಎರಡು ಸಲ ಓಡಾಡಿದ ಮೇಲೆ ಮೂರು ರೂಮಿಗೆ ಮಾತ್ರ ವಾಣಿಜ್ಯ ಮಾಡಿದಾರೆ. ಇದು ಸರಿನಾ?

ಗುಡ್ಡದ ಕೆಳಗಿನವ
ಸರಿನೇ ಬಿಡಿ ಅಕ್ಕ, ನೀವು ದುಡೀತೀರಲ್ಲ ಅದರಿಂದ.

ಏಲಕ್ಕಿ ಅಕ್ಕ
ದುಡೀತೀವಿ, ಇಲ್ಲ ಅನ್ನಲ್ಲ. ಆದ್ರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆಲಿ ಯಾರೂ ಬರಲ್ಲ, ರೂಮು ಖಾಲಿ. ಅದೂ ಅಲ್ದೆ ನಮ್ಮ ಪಕ್ಕದಲ್ಲಿ ಹದಿನೆಂಟು ರೂಮಿಂದು ಕಟ್ಟಿದಾರೆ, ಯಜಮಾನ್ರು ಇಲ್ಲಿ ಇರೋದೇ ಇಲ್ಲ, ಅದಕ್ಕೆ ವಾಸದ ಮನೆ ಅಂತ ತೆರಿಗೆ. ನನಗೆ ಸಂಕಟ ಆಗೋದು ಅದು.

ಮಾಜಿ ಸದಸ್ಯ
ಅಂಥದ್ದು ಇದ್ರೆ ಲಿಖಿತವಾಗಿ ಕೊಡಿ. ಒಂದು ದೊಡ್ಡ ಕಟ್ಟಡ ಸರಿಯಾಗಿ ಲೆಕ್ಕಕ್ಕೆ ಬಂದ್ರೆ ಮೂವತ್ತು ಹೆಂಚಿನ ಮನೆ ತೆರಿಗೆ ಬರ್ತದೆ. ಕಣ ಅಳೆಯೋ ಬದ್ಲು ಅಲ್ಲಿ ಟೇಪ್ ಹಿಡೀಬೇಕಿತ್ತು.

ಕುಶಾಲನಗರ ಸೈಟು
ನಂದು ಪುರಸಭೆ ವ್ಯಾಪ್ತಿ. ರೆವಿನ್ಯೂ ಸೈಟು (ಕನ್ವರ್ಷನ್ ಆಗದ ಕೃಷಿ ಜಮೀನಿನ ಸೈಟು) ತಗೊಂಡಿದ್ದೆ, 2025ರ ಬಿ-ಖಾತಾ ಅಭಿಯಾನದಲ್ಲಿ ಮಾಡಿಸ್ದೆ. ಮೊದಲ ವರ್ಷ ತೆರಿಗೆ ಡಬಲ್, ಆಮೇಲೆ ಮಾಮೂಲು. ಈಗ ತೆರಿಗೆ ರಸೀದಿ ಇದೆ ಅಂದ್ಮೇಲೆ ಜಾಗ ಪಕ್ಕಾ ಆಯ್ತಲ್ಲ?

ವಿರಾಜಪೇಟೆ ವಕೀಲ
ಇಲ್ಲ. ದಯವಿಟ್ಟು ಎಲ್ರೂ ಇದನ್ನ ಓದಿ. ತೆರಿಗೆ ಕಟ್ಟಿದ ರಸೀದಿ ಮಾಲೀಕತ್ವದ ದಾಖಲೆ ಅಲ್ಲ, ಖಾತೆ, ಬಿ-ಖಾತಾ ಕೂಡ ಮಾಲೀಕತ್ವದ ದಾಖಲೆ ಅಲ್ಲ. ಖಾತೆ ಅಂದ್ರೆ ತೆರಿಗೆ ವಸೂಲಿಗೆ ಯಾರು ಹೊಣೆ ಅಂತ ಗುರುತಿಸೋ ಪುಸ್ತಕ ಅಷ್ಟೆ. ಕ್ರಯಪತ್ರ, ಅದರ ಹಿಂದಿನ ದಾಖಲೆ, ಕನ್ವರ್ಷನ್ ಇವೇ ಬೇಕಾಗೋದು. ಪಂಚಾಯ್ತಿಲೂ ಅಷ್ಟೆ, ನಮೂನೆ 9 (ಅಧಿಕೃತ ಸ್ವತ್ತಿಗೆ) ಬೇರೆ, 11ಬಿ (ಅನಧಿಕೃತಕ್ಕೆ) ಬೇರೆ, ಎರಡಕ್ಕೂ ತೆರಿಗೆ ತಗೊಳ್ತಾರೆ.

ಕುಶಾಲನಗರ ಸೈಟು
ಬ್ರೋಕರ್ ಹಾಗೆ ಹೇಳಿರ್ಲಿಲ್ಲ. ನಿಮ್ಮ ಹತ್ರ ಪೇಪರ್ ತೋರಿಸ್ಬಹುದಾ?

ವಿರಾಜಪೇಟೆ ವಕೀಲ
ನನಗೇ ಅಂತ ಬೇಡ, ಅಲ್ಲೇ ನಿಮ್ಮೂರಲ್ಲಿ ಒಳ್ಳೇ ವಕೀಲ್ರಿದ್ದಾರೆ. ತೋರಿಸೋದು ಮಾತ್ರ ಬಿಡ್ಬೇಡಿ.

ಲೆಕ್ಕದ ಮೇಷ್ಟ್ರು
ಟೌನ್‌ನವ್ರು ಇನ್ನೊಂದು ಗಮನಿಸಿ. 2021ರ ತಿದ್ದುಪಡಿ ಆದ್ಮೇಲೆ ಆಸ್ತಿ ತೆರಿಗೆ ಗೈಡೆನ್ಸ್ ವ್ಯಾಲ್ಯೂ (ಸರ್ಕಾರ ಗೊತ್ತು ಮಾಡಿದ ಆಸ್ತಿ ಬೆಲೆ) ಜೊತೆ ತಳುಕು ಹಾಕ್ಕೊಂಡಿದೆ, 1-10-2023ರಿಂದ ರಾಜ್ಯದಲ್ಲೆಲ್ಲ ಗೈಡೆನ್ಸ್ ವ್ಯಾಲ್ಯೂ ಏರ್ಸಿದಾರೆ. ಫಾರಂ ತುಂಬೋದು ನಾವೇ, ಸ್ವಯಂ ಘೋಷಣೆ. ಅದರಲ್ಲಿ ಕಟ್ಟಡ ಕಟ್ಟಿದ ವರ್ಷ ಸರಿಯಾಗಿ ಬರೀರಿ, ಹಳೇ ಕಟ್ಟಡಕ್ಕೆ ಸವಕಳಿ ಕಳೀತಾರೆ. ನಮ್ಮ ನೆಂಟರೊಬ್ರು ಐವತ್ತು ವರ್ಷದ ಮನೆಗೆ ರಿಪೇರಿ ಮಾಡ್ಸಿದ ವರ್ಷ ಬರೆದು ಹೊಸ ಮನೆ ತೆರಿಗೆ ಕಟ್ತಿದ್ರು. ಹೆಂಚೋ, ಶೀಟೋ, ಆರ್‌ಸಿಸಿನೋ, ಸ್ವಂತಕ್ಕೋ ಬಾಡಿಗೆಗೋ, ಇದೆಲ್ಲ ಲೆಕ್ಕಕ್ಕೆ ಬರ್ತದೆ.

ಗುಡ್ಡದ ಕೆಳಗಿನವ
ನಾನು ಬರೀಬೇಕೋ ಬೇಡ್ವೋ ಅಂತ ಯೋಚಿಸ್ತಾ ಇದ್ದೆ. ನಿಮ್ಮೆಲ್ಲರದ್ದು ಮನೆ ಇದೆ, ಅಳತೆ ತಪ್ಪಾಗಿದೆ. ನಮ್ದು ಮನೆನೇ ಇಲ್ಲ, ತೆರಿಗೆ ಇದೆ.

2018ರ ಆಗಸ್ಟಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹೆಮ್ಮೆತ್ತಾಳು ಆ ಸುತ್ತೆಲ್ಲ ಗುಡ್ಡ ಜರೀತಲ್ಲ, ಆ ಬೆಲ್ಟಲ್ಲೇ ನಮ್ಮ ಮನೆ ಇದ್ದದ್ದು. ಒಂದು ದಿನ ಮುಂಚೆ ಹೊರಗೆ ಬಂದಿದ್ರಿಂದ ಜೀವ ಉಳೀತು. ಮನೆ, ಕೊಟ್ಟಿಗೆ, ಎರಡು ಎಕ್ರೆ ಕಾಫಿ, ಮೆಣಸು ಬಳ್ಳಿ ಎಲ್ಲ ಕೆಳಗೆ ಹೊಳೆಗೆ ಹೋಯ್ತು. ವಾಪಸ್ ಹೋಗಿ ನೋಡಿದಾಗ ಕೆಂಪು ಮಣ್ಣು ಬಿಟ್ರೆ ಏನಿಲ್ಲ, ನಮ್ಮ ಜಾಗ ಯಾವುದು ಅಂತ ಗುರುತು ಹಿಡಿಯೋಕೂ ಆಗ್ಲಿಲ್ಲ, ಒಂದು ಹಲಸಿನ ಮರ ಓರೆಯಾಗಿ ನಿಂತಿತ್ತು, ಅಪ್ಪ ಅದನ್ನ ನೋಡಿ ಹೇಳಿದ್ರು. ಆಮೇಲೆ ಸರ್ಕಾರದ ಪುನರ್ವಸತಿ ಮನೆ ಸಿಕ್ತು, ಈಗ ಅಲ್ಲೇ ಇದೀವಿ, ಆ ಮನೆಗೆ ತೆರಿಗೆ ಕಟ್ತೀವಿ.

ಹೋದ ವರ್ಷ ತಂಗಿ ಮದುವೆಗೆ ಸಾಲಕ್ಕೆ ಹೋದಾಗ ಬಾಕಿ ಇಲ್ಲ ಅಂತ ಪಂಚಾಯ್ತಿಯಿಂದ ತನ್ನಿ ಅಂದ್ರು. ಹಳೇ ಪಂಚಾಯ್ತಿಗೆ ಹೋದ್ರೆ ಕಂಪ್ಯೂಟರಲ್ಲಿ ನಮ್ಮ ಮನೆ ಹಾಗೇ ಇದೆ. 2018ರಿಂದ ವರ್ಷ ವರ್ಷ ಬೇಡಿಕೆ ಏರಿ ಬಾಕಿ ಅಂತ ನಿಂತಿದೆ. ಆ ಹುಡುಗಿ ಪಾಪ ಒಳ್ಳೆಯವಳೇ, "ಅಣ್ಣ ಸಿಸ್ಟಮಲ್ಲಿ ತೆಗೆಯೋ ಆಪ್ಷನ್ ನನಗಿಲ್ಲ" ಅಂದ್ಳು. ಅರ್ಜೆಂಟ್ ಇತ್ತು, ಇಲ್ಲದ ಮನೆಗೆ ಏಳು ವರ್ಷದ ತೆರಿಗೆ ಕಟ್ಟಿ ಬಂದೆ. ಅಪ್ಪಂಗೆ ಹೇಳಿಲ್ಲ ಇನ್ನೂ.

ಸುಬೇದಾರ್ ಮನೆ
ಮಗನೇ ಓದಿ ಹೊಟ್ಟೆಲಿ ಏನೋ ಆಯ್ತು.

ಭಾಗಮಂಡಲ ಮಳೆ
ಎಲ್ಲಾ ಇಲಾಖೆಯವ್ರೂ ಬಂದು ಫೋಟೋ ತೆಗ್ದು ಪಟ್ಟಿ ಮಾಡಿದ್ರಲ್ಲ ಆಗ! ಆ ಪಟ್ಟಿ ಪಂಚಾಯ್ತಿಗೆ ಹೋಗ್ಲೇ ಇಲ್ವಾ?

ಮಾಜಿ ಸದಸ್ಯ
ಪಟ್ಟಿ ಮಾಡಿದ್ದು ಕಂದಾಯ ಇಲಾಖೆ. ಪಂಚಾಯ್ತಿ ಬೇಡಿಕೆ ವಹಿ, ಅಂದ್ರೆ ಯಾರು ಎಷ್ಟು ತೆರಿಗೆ ಕಟ್ಬೇಕು ಅಂತ ಬರೆಯೋ ಪುಸ್ತಕ, ಬೇರೆ. ಒಂದರದ್ದು ಇನ್ನೊಂದಕ್ಕೆ ತಾನಾಗೇ ಹೋಗಲ್ಲ, ಯಾರಾದ್ರೂ ತಗೊಂಡು ಹೋಗಿ ಕೊಡ್ಬೇಕು. ತಮ್ಮ, ಇದನ್ನ ತೆಗೆಸೋಕೆ ದಾರಿ ಇದೆ, ಬಿಡ್ಬೇಡ. ಮನೆ ಪೂರ್ತಿ ಹಾನಿ ಅಂತ ಕಂದಾಯ ಇಲಾಖೆ ಕೊಟ್ಟ ಕಾಗದ, ಪುನರ್ವಸತಿ ಮನೆ ಹಕ್ಕುಪತ್ರ, ಜಾಗದ ಫೋಟೋ, ಇಷ್ಟು ಸೇರಿಸಿ ಪಿಡಿಒಗೆ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಗೆ) ಅರ್ಜಿ ಕೊಡು. ಸ್ಥಳ ಮಹಜರು ಮಾಡಿ ಪಂಚಾಯ್ತಿ ಸಭೆಲಿ ನಿರ್ಣಯ ಆಗ್ಬೇಕು, ಆಮೇಲೆ ವಹಿಯಿಂದ ತೆಗೀತಾರೆ. ಕಂಪ್ಯೂಟರಲ್ಲಿ ಹುಡುಗಿಗೆ ಆಪ್ಷನ್ ಇಲ್ದಿದ್ರೂ ನಿರ್ಣಯ ಆದ್ರೆ ಪಿಡಿಒ ಲಾಗಿನ್‌ನಲ್ಲಿ ಮಾಡ್ಬೇಕಾಗ್ತದೆ. ಕಟ್ಟಿದ ದುಡ್ಡನ್ನ ಪುನರ್ವಸತಿ ಮನೆ ತೆರಿಗೆಗೆ ಜಮಾ ಮಾಡಿ ಅಂತ ಕೇಳೋಕಾಗಲ್ಲ, ಪಂಚಾಯ್ತಿ ಬೇರೆ ಆದ್ರೆ. ವಾಪಸ್ ಕೊಡಿ ಅಂತಾನೇ ಅದೇ ಅರ್ಜಿಲಿ ಬರಿ.

ವಿರಾಜಪೇಟೆ ವಕೀಲ
ಅದರ ಜೊತೆ ಮಾಹಿತಿ ಹಕ್ಕಲ್ಲಿ 10 ರೂಪಾಯಿ ಕಟ್ಟಿ 2018ರಿಂದ ಬೇಡಿಕೆ ವಹಿ ಪ್ರತಿ ಕೇಳಿ. 30 ದಿನದಲ್ಲಿ ಕೊಡ್ಬೇಕು. ಇಲ್ಲದ ಕಟ್ಟಡಕ್ಕೆ ಬೇಡಿಕೆ ಅಂತ ಅವ್ರ ಪುಸ್ತಕದಲ್ಲೇ ಇರೋದು ನಿಮ್ಮ ಕೈಲಿದ್ರೆ ಯಾರೂ ಅಲ್ಲಗಳೆಯೋಕಾಗಲ್ಲ.

ಕೊರವುಕಾರ
ನಿಮ್ಮ ತರದವ್ರು ಇನ್ನೂ ಇರ್ತಾರೆ. ಎಲ್ರೂ ಸೇರಿ ಒಂದೇ ದಿನ ಹೋಗಿ ಅರ್ಜಿ ಕೊಡಿ. ನಾನು ಮಡಿಕೇರಿಗೆ ವಾರಕ್ಕೆರಡು ಸಲ ಬರ್ತೀನಿ, ಬರೆಯೋಕೆ ಟೈಪ್ ಮಾಡೋಕೆ ಸಹಾಯ ಬೇಕಾದ್ರೆ ಹೇಳಿ, ಸುಮ್ನೆ ಮಾತಿಗೆ ಹೇಳ್ತಿಲ್ಲ.

ಹೆಂಚಿನಮನೆ
ಮೂರು ವಾರ ಆಯ್ತು, ಏನಾಯ್ತು ಅಂತ ಹೇಳ್ಬೇಕಿತ್ತು.

ಮೇಷ್ಟ್ರು ಹೇಳಿದ ಲೆಕ್ಕ, ವಕೀಲ್ರು ಹೇಳಿದ ಕಾಗದ ಎಲ್ಲಾ ಇಟ್ಕೊಂಡು ಹೋದೆ. ಮೊದಲ ದಿನ ಪಿಡಿಒ ಮೀಟಿಂಗಲ್ಲಿದ್ರು, ಎರಡನೇ ದಿನ ಸರ್ವರ್ ಇಲ್ಲ, ಮೂರನೇ ದಿನ ಅರ್ಜಿ ತಗೊಂಡ್ರು, ಸೀಲು ಹಾಕಿಸ್ಕೊಂಡೆ. "ಸಿಮೆಂಟ್ ಕಣ ಅಂದ್ರೆ ನಿರ್ಮಾಣ ಅಲ್ವಾ ಮೇಡಂ" ಅಂದ್ರು. ಗೋಡೆ, ಮಾಡು ಇಲ್ಲ ಸರ್, ಇದು ಕಂದಾಯ ಕಟ್ಟಿದ ರಸೀದಿ, ಇದು ಆರ್‌ಟಿಸಿ, ಒಪ್ಪಲ್ಲ ಅಂದ್ರೆ ಹಿಂಬರಹ ಕೊಡಿ ಅಂದೆ. ಕೈ ನಡುಗ್ತಿತ್ತು ನಂದು. ಸ್ವಲ್ಪ ಹೊತ್ತು ಓದಿ, ಆಯ್ತು ಬಂದು ನೋಡ್ತೀವಿ ಅಂದ್ರು.

ಮುಂದಿನ ವಾರ ಕಾರ್ಯದರ್ಶಿ, ಬಿಲ್ ಕಲೆಕ್ಟರ್ ಇಬ್ರೂ ಬಂದ್ರು. ಕಣದಲ್ಲಿ ಆಗ ಕಾಫಿ ಇರ್ಲಿಲ್ಲ, ಅಮ್ಮ ಸಗಣಿ ಸಾರಿಸಿದ ಹಳೇ ಭಾಗ, ಅಪ್ಪ ಆಮೇಲೆ ಸಿಮೆಂಟ್ ಹಾಕ್ಸಿದ ಭಾಗ ಎರಡನ್ನೂ ತೋರಿಸಿದ್ರು. ಮನೆ ಮಾತ್ರ ಅಳೆದ್ರು, 107 ಚ.ಮೀ. ನಿನ್ನೆ ಹೊಸ ಬಿಲ್ ಬಂತು, ತೆರಿಗೆ 940, ಕರ 319.60, ಒಟ್ಟು 1,259.60. ಹಳೇದಕ್ಕಿಂತ ಜಾಸ್ತಿನೇ, ಅದು ಪರ್ವಾಗಿಲ್ಲ, ಅಣ್ಣ ಹೇಳಿದ ಹಾಗೆ ಹಳೇದು ಕಮ್ಮಿ ಇತ್ತು. ಅಲ್ಲೇ ಕಟ್ಟಿ ರಸೀದಿ ತಗೊಂಡೆ. ಅಪ್ಪನ ಹೆಸರಿಂದ ಅಮ್ಮನ ಹೆಸರಿಗೆ ಮಾಡೋಕೆ ಮರಣ ಪತ್ರ, ವಂಶವೃಕ್ಷ ಕೇಳಿದಾರೆ, ನಾಡಕಚೇರಿಗೆ ಅರ್ಜಿ ಹಾಕಿದೀನಿ.

ಪಕ್ಕದ ಮನೆ ಮಾವನದ್ದೂ ಅಳೆದೆ. ಅವ್ರ ಕಣನೂ ಸೇರಿತ್ತು. ಒಟ್ಟು ನಮ್ಮ ಸಾಲಲ್ಲಿ ನಾಲ್ಕು ಮನೆ.

ಲೆಕ್ಕದ ಮೇಷ್ಟ್ರು
ಬಹಳ ಸಂತೋಷ ಆಯ್ತು ಮಗೂ.

ಗೋಣಿಕೊಪ್ಪ ಗಾಡಿ
ನಮ್ದು ಕಣ ಅಲ್ಲ, ಲೈನ್ ಮನೆ (ತೋಟದ ಕೆಲಸದವ್ರ ಸಾಲುಮನೆ) ಎರಡು ಸಲ ಬರ್ದಿದಾರೆ. ಅರ್ಜಿ ಪ್ರತಿ ಕಳಿಸಿ ಅಕ್ಕ.

ಕೊರವುಕಾರ
ಕೈಮಡದ್ದು ಇನ್ನೂ ಒಪ್ಪಿಲ್ಲ. ಗ್ರಾಮಸಭೆಲಿ ಕೇಳ್ತೀನಿ, ಒಕ್ಕದಿಂದ ಹನ್ನೆರಡು ಜನ ಬರ್ತೀವಿ ಅಂದಿದಾರೆ.

ಗುಡ್ಡದ ಕೆಳಗಿನವ
ನನಗೂ ಪ್ರತಿ ಕಳಿಸಿ ಅಕ್ಕ. ಒಂದು ಕೇಳ್ಬೇಕಿತ್ತು. ಅರ್ಜಿ ಬರೆಯೋಕೆ ಕೂತೆ, "ಸ್ವತ್ತಿನ ಚೆಕ್ಕುಬಂದಿ" ಅಂತ ಬರ್ತದಲ್ಲ, ಪೂರ್ವಕ್ಕೆ ಪಶ್ಚಿಮಕ್ಕೆ ಏನಿದೆ ಅಂತ. ಅಲ್ಲಿ ಏನು ಬರೀಲಿ? ಪೂರ್ವಕ್ಕೆ ಇದ್ದ ಮನೆನೂ ಹೋಯ್ತು, ದಾರಿನೂ ಹೋಯ್ತು.

ವಿರಾಜಪೇಟೆ ವಕೀಲ
ಹಳೇ ತೆರಿಗೆ ರಸೀದಿ ಇಲ್ಲಾ ಮನೆ ಪತ್ರದಲ್ಲಿ ಇದ್ದ ಚೆಕ್ಕುಬಂದಿನೇ ಬರೀರಿ, "ಭೂಕುಸಿತಕ್ಕೆ ಮೊದಲು ಇದ್ದಂತೆ" ಅಂತ ಸೇರಿಸಿ. ಪತ್ರ ಸಿಗದಿದ್ರೆ ನಿಮ್ಮ ತಂದೆಯವ್ರನ್ನ ಕೇಳಿ, ಅವ್ರಿಗೆ ನೆನಪಿರ್ತದೆ.

ಗುಡ್ಡದ ಕೆಳಗಿನವ
ಪತ್ರ ಮನೆ ಜೊತೆಗೇ ಹೋಯ್ತು ಸರ್. ಇವತ್ತು ಸಂಜೆ ಅಪ್ಪಂಗೆ ಎಲ್ಲಾ ಹೇಳ್ದೆ, ತೆರಿಗೆ ಕಟ್ಟಿದ್ದನ್ನೂ. ಬೈತಾರೆ ಅಂದ್ಕೊಂಡಿದ್ದೆ, ಬೈಲಿಲ್ಲ. ಪೆನ್ನು ತಗೊಂಡು ಅವ್ರೇ ಬರೆದ್ರು, ಪೂರ್ವಕ್ಕೆ ದೊಡ್ಡಪ್ಪನ ಮನೆ, ಪಶ್ಚಿಮಕ್ಕೆ ಹಲಸಿನ ಮರ, ಉತ್ತರಕ್ಕೆ ಬಾಣೆ, ದಕ್ಷಿಣಕ್ಕೆ ತೋಡು. ಮಂಗಳವಾರ ಹೋಗ್ತೀವಿ, ಅವ್ರೂ ಬರ್ತಾರಂತೆ.